ರೋಬೋ ಕೊಳ್ಳುವ ಮುಂಚೆ ಬಾಗಿಲು ನೋಡಿ: ಯಾವ ಬಾಗಿಲಿಗೆ ಯಾವ ದಾರಿ?

ಪುಣೆಯಲ್ಲಿ ಹೋಟೆಲು, ನರ್ಸಿಂಗ್ ಹೋಮು, ಸಣ್ಣ ಕಾರ್ಖಾನೆ ನಡೆಸುವ ನಮ್ಮ ಕನ್ನಡದವರು ಈಚೆಗೆ ಸಿಕ್ಕಾಗಲೆಲ್ಲ ರೋಬೋ ಸುದ್ದಿ ತೆಗೆಯುತ್ತಾರೆ. ತಟ್ಟೆ ಒಯ್ಯುವ ರೋಬೋ, ಔಷಧಿ ಸಾಗಿಸುವ ರೋಬೋ, ಟ್ರಾಲಿ ಎಳೆಯುವ ರೋಬೋ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಎಷ್ಟು ಕಿಲೋ ಹೊರುತ್ತೆ, ಬೆಲೆ ಎಷ್ಟು ಅಂತ ಕೇಳುತ್ತಾರೆ. ಬಾಗಿಲಿನ ಮಾತು ಯಾರೂ ಎತ್ತುವುದಿಲ್ಲ. ಇಲ್ಲಿನ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಗಾಡಿಗಳನ್ನು ಕಟ್ಟಡಗಳಿಗೆ ಹೊಂದಿಸುವುದೇ ನನ್ನ ಕೆಲಸ. ಗಾಡಿ ಕಾರಿಡಾರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ನಿಲ್ಲುವುದು ಬಾಗಿಲ ಹತ್ತಿರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡನ್ನು ಮೊದಲು ಬಾಗಿಲಿಗೆ ಹಾಕಿ, ಆಮೇಲೆ ರೋಬೋಗೆ. ಬಾಗಿಲು ತೆಗೆಯುವ ಕೈ ಇರುವ ರೋಬೋ ಕಡೆಯ ಆಯ್ಕೆ ಆಗಿರಲಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಟೇಪು ಹಿಡಿಯಿರಿ

ಚೌಕಟ್ಟಿನ ಅಗಲ ಬೇರೆ, ದಾಟಲು ಸಿಗುವ ಜಾಗ ಬೇರೆ. ಮೂರಡಿ ಬಾಗಿಲು, ಅಂದರೆ ಹೆಚ್ಚುಕಮ್ಮಿ 90 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಕದ ಪೂರ್ತಿ 90 ಡಿಗ್ರಿ ತೆರೆದು ನಿಂತರೂ ಅದರ ದಪ್ಪಕ್ಕೆ ಮೂರೂವರೆ ಸೆಂಟಿಮೀಟರ್ ಹೋಯಿತು. ಚಾಚಿಕೊಂಡ ಹಿಡಿಕೆಗೆ ಐದಾರು ಹೋಯಿತು. ಉಳಿದದ್ದು 80.

ನಿಮ್ಮ ರೋಬೋ 55 ಸೆಂಟಿಮೀಟರ್ ಅಗಲ, 80 ಉದ್ದ ಅಂದುಕೊಳ್ಳಿ. ಇನ್ನೂ 25 ಮಿಕ್ಕಿದೆಯಲ್ಲ, ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ರೋಬೋ ಯಾವತ್ತೂ ಗೆರೆ ಎಳೆದ ಹಾಗೆ ನೇರ ಬರುವುದಿಲ್ಲ. ಬರೀ 5 ಡಿಗ್ರಿ ಓರೆಯಾದರೂ ಅದು ಹಿಡಿಯುವ ಅಗಲ ಸುಮಾರು 62 ಆಗುತ್ತದೆ. ಈಗ ಮಿಕ್ಕಿದ್ದು 18, ಒಂದೊಂದು ಬದಿಗೆ 9. ತಾನು ಎಲ್ಲಿದ್ದೇನೆ ಅನ್ನುವ ಲೆಕ್ಕದಲ್ಲೇ ರೋಬೋ ಐದು ಸೆಂಟಿಮೀಟರ್ ಆಚೀಚೆ ಆಗಬಹುದು. ಅದನ್ನೂ ಕಳೆಯಿರಿ. ಒಂದು ಬದಿಗೆ ಉಳಿದದ್ದು ನಾಲ್ಕೇ ಸೆಂಟಿಮೀಟರ್. ಕಾಗದದ ಮೇಲೆ ಧಾರಾಳವಾಗಿ ಕಂಡ ಬಾಗಿಲಲ್ಲಿ ರೋಬೋ ತಡವರಿಸುವುದು ಇದಕ್ಕೇ.

ಕದ ಪೂರ್ತಿ ತೆರೆಯದಿದ್ದರಂತೂ ಕಥೆ ಮುಗಿಯಿತು. ಹಿಂದೆ ಒಂದು ಬೀರು ಇದೆ, ಕದ 70 ಡಿಗ್ರಿಗೇ ನಿಲ್ಲುತ್ತದೆ ಅನ್ನಿ. ಆಗ 90 ಸೆಂಟಿಮೀಟರಿನ ಕದ ನೇರ ದಾರಿಯಲ್ಲಿ 31 ಸೆಂಟಿಮೀಟರ್ ಅಡ್ಡ ಬರುತ್ತದೆ. ನಾವು ನೀವು ಸೊಂಟ ತಿರುಗಿಸಿ ಹೋಗುತ್ತೇವೆ. ರೋಬೋ ಹೋಗುವುದಿಲ್ಲ. ಬೀರು ಸರಿಸಿದರೆ ಖರ್ಚಿಲ್ಲದೆ ಕೆಲಸ ಆಗುತ್ತದೆ. ಇಂಥದ್ದು ಮೊದಲು ನೋಡಬೇಕು.

ನಮ್ಮ ದೇಶದ 2021ರ ಸುಗಮ ಪ್ರವೇಶದ ಮಾರ್ಗಸೂಚಿ ಬಾಗಿಲಿಗೆ 900 ಮಿಲಿಮೀಟರ್ ಖಾಲಿ ಜಾಗ ಕೇಳುತ್ತದೆ. ಅಮೆರಿಕದ ನಿಯಮ ಕೇಳುವುದು 815. ಈ ಅಳತೆಗಳು ಗಾಲಿಕುರ್ಚಿಯವರಿಗಾಗಿ ಬಂದವು. ಗಾಲಿಕುರ್ಚಿ ಸಲೀಸಾಗಿ ದಾಟುವ ಬಾಗಿಲಲ್ಲಿ ರೋಬೋನೂ ದಾಟುತ್ತದೆ. ಹಾಗಾಗಿ ಬಾಗಿಲು ಅಗಲ ಮಾಡಿಸಲು ಹಾಕಿದ ದುಡ್ಡು ರೋಬೋ ಹಳತಾಗಿ ಮೂಲೆ ಸೇರಿದ ಮೇಲೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ನರ್ಸಿಂಗ್ ಹೋಮಿಗೆ ಬರುವ ಮುದುಕರಿಗೆ ಅದು ದಿನಾ ಬೇಕು, ಅಲ್ವಾ?

ಹೊಸ್ತಿಲನ್ನೂ ಅಳೆಯಿರಿ. ಪುಣೆಯ ಹಳೆಯ ಕಟ್ಟಡಗಳಲ್ಲಿ ಬಾಗಿಲ ಬುಡಕ್ಕೆ ಕಲ್ಲಿನ ಪಟ್ಟಿ ಇರುತ್ತದೆ. ಒಂದೂವರೆ ಸೆಂಟಿಮೀಟರ್ ಎತ್ತರ ಇದ್ದರೆ ಸಣ್ಣ ಗಾಲಿಯ ಗಾಡಿ ಅಲ್ಲೇ ನಿಲ್ಲಬಹುದು, ಇಲ್ಲವೇ ಹತ್ತಿ ಸಾಂಬಾರು ಚೆಲ್ಲಬಹುದು. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದದ ಇಳಿಜಾರು ಹಾಕಿದರೆ ಒಂದೊಂದು ಕಡೆ 18 ಸೆಂಟಿಮೀಟರ್ ಜಾಗ ಸಾಕು.

ಬಾಗಿಲು ಅದಕ್ಕೆ ಕಾಣಿಸುವುದು ಹೇಗೆ

ಇಲ್ಲಿ ನಾಲ್ಕು ದಾರಿಗಳಿವೆ. ಮಾರುವವರು ಎಲ್ಲಕ್ಕೂ ಸೇರಿಸಿ ಎಐ ಅನ್ನುತ್ತಾರೆ. ನೀವು ಬಿಡಿಸಿ ಕೇಳಿ.

ಹೆಚ್ಚಿನ ಗಾಡಿಗಳು ಬಾಗಿಲನ್ನು ಹುಡುಕುವುದೇ ಇಲ್ಲ. ಮೊದಲ ದಿನ ಕಟ್ಟಡದ ನಕ್ಷೆ ಮಾಡುವಾಗ ಎಂಜಿನಿಯರು ಇಲ್ಲಿ ಬಾಗಿಲಿದೆ ಅಂತ ಗುರುತು ಹಾಕುತ್ತಾನೆ. ಆಮೇಲೆ ರೋಬೋ ಆ ಜಾಗಕ್ಕೆ ಬಂದು ಲೈಡಾರ್‌ನಲ್ಲಿ, ಅಂದರೆ ಲೇಸರ್ ಬೀಸಿ ದೂರ ಅಳೆಯುವ ಕಣ್ಣಿನಲ್ಲಿ, ಮುಂದೆ ತಡೆ ಇದೆಯೋ ಇಲ್ಲವೋ ನೋಡುತ್ತದೆ. ತಡೆ ಇಲ್ಲ ಅಂದರೆ ಬಾಗಿಲು ತೆರೆದಿದೆ. ಮುಚ್ಚಿದ ಕದ ಅದರ ಕಣ್ಣಿಗೆ ಗೋಡೆಯೇ. ನಕ್ಷೆ ಮಾಡಿದ ದಿನ ಬಾಗಿಲು ಮುಚ್ಚಿತ್ತು ಅಂದರೆ ಆ ಕೋಣೆಗೆ ದಾರಿಯೇ ಇಲ್ಲ ಅಂತ ನಕ್ಷೆಯಲ್ಲಿ ಕೂರುತ್ತದೆ. ಆದ್ದರಿಂದ ನಕ್ಷೆ ಮಾಡುವ ದಿನ ಎಲ್ಲ ಬಾಗಿಲು ತೆರೆದಿಡಿ. ಒಂದೇ ಅಂತಸ್ತಿನ, ಬದಲಾಗದ ಜಾಗಕ್ಕೆ ಈ ದಾರಿ ಸಾಕು. ನಾನು ಹೆಚ್ಚಾಗಿ ಇದನ್ನೇ ಹೇಳುತ್ತೇನೆ.

ಗಾಜಿನ ಬಾಗಿಲಿದ್ದರೆ ಮಾತ್ರ ಇದು ಕೈಕೊಡುತ್ತದೆ. ಹಿಂಜವಡಿ, ಬಾಣೇರ್ ಕಡೆಯ ಆಫೀಸುಗಳಲ್ಲಿ ನೆಲದ ಸ್ಪ್ರಿಂಗ್ ಮೇಲೆ ನಿಂತ 12 ಮಿಲಿಮೀಟರ್ ಟಫನ್ಡ್ ಗಾಜೇ ಜಾಸ್ತಿ. ಲೇಸರ್ ಗಾಜನ್ನು ತೂರಿ ಆಚೆ ಹೋಗುತ್ತದೆ. ನೇರ ಎದುರು ನಿಂತಾಗ ಮಾತ್ರ ಸ್ವಲ್ಪ ಬೆಳಕು ವಾಪಸು ಬರುತ್ತದೆ. ರೋಬೋ ದಾರಿ ಖಾಲಿ ಇದೆ ಅಂದುಕೊಂಡು ಮುಂದೆ ನುಗ್ಗುತ್ತದೆ. ಆಳ ಅಳೆಯುವ ಕ್ಯಾಮೆರಾನೂ ಗಾಜಿನ ಮುಂದೆ ಸೋಲುತ್ತದೆ. ಶಬ್ದದ ಅಲೆ ಬಿಡುವ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಗಾಜು ಕಾಣುತ್ತದೆ. ಆ ಸೆನ್ಸರ್ ಇದೆಯಾ ಅಂತ ಕೇಳಿ. ಅದಕ್ಕಿಂತ ಸುಲಭದ ಉಪಾಯ, ಲೈಡಾರ್ ಇರುವ ಎತ್ತರಕ್ಕೆ ಗಾಜಿನ ಮೇಲೆ ಒಂದು ಗೇಣು ಅಗಲದ ಬಿಳಿ ಫಿಲ್ಮ್ ಪಟ್ಟಿ ಅಂಟಿಸುವುದು. ಲೈಡಾರ್ ಸಾಮಾನ್ಯವಾಗಿ ಮೊಣಕಾಲಿಗಿಂತ ಕೆಳಗೆ ಇರುತ್ತದೆ. ಕಣ್ಣೆತ್ತರದಲ್ಲಿ ಕಂಪನಿ ಲೋಗೋ ಇದೆಯಲ್ಲ ಅಂದರೆ ಆಗಲಿಲ್ಲ.

ಇನ್ನೊಂದು ದಾರಿ ಗುರುತಿನ ಚೀಟಿ. ಏಪ್ರಿಲ್‌ಟ್ಯಾಗ್ ಅಂತ ಕಪ್ಪುಬಿಳುಪು ಚೌಕದ ಗುರುತು ಬರುತ್ತದೆ. ಅದು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, 2011ರಲ್ಲಿ ಪ್ರಕಟವಾಯಿತು. ಸಾದಾ ಕಾಗದದ ಮೇಲೆ ಪ್ರಿಂಟ್ ಹಾಕಿ ಲ್ಯಾಮಿನೇಟ್ ಮಾಡಿದರೆ ಮುಗಿಯಿತು. ಚೌಕಟ್ಟಿಗೆ ಒಂದು ಅಂಟಿಸಿದರೆ ರೋಬೋ ಬಾಗಿಲ ನಡುವನ್ನು ಚೆನ್ನಾಗಿ ಹಿಡಿಯುತ್ತದೆ. ಕದಕ್ಕೆ ಇನ್ನೊಂದು ಅಂಟಿಸಿದರೆ ಕದ ಎಷ್ಟು ಓರೆಯಾಗಿದೆ ಅನ್ನುವುದೂ ಗೊತ್ತಾಗುತ್ತದೆ. ಅಗ್ಗದ ದಾರಿಗಳಲ್ಲಿ ಇದು ನನಗೆ ತುಂಬಾ ಇಷ್ಟ. ಕಷ್ಟ ಒಂದೇ. ಗೋಡೆಗೆ ಸುಣ್ಣ ಬಳಿಯುವವರು, ದೀಪಾವಳಿಗೆ ತೋರಣ ಕಟ್ಟುವವರು ಅದನ್ನು ಕಿತ್ತೋ ಮುಚ್ಚಿಯೋ ಬಿಡುತ್ತಾರೆ. ಸಿಬ್ಬಂದಿಗೆ ಹೇಳಿಡಬೇಕು.

ಕ್ಯಾಮೆರಾದಲ್ಲಿ ನೋಡಿ, ಚಿತ್ರಗಳಿಂದ ಕಲಿತ ಎಐ ಮಾಡೆಲ್‌ನಿಂದ ಕದ, ಹಿಡಿಕೆ, ಬಿಜಾಗರಿ ಗುರುತಿಸುವುದು ಮೂರನೆಯದು. ಮೊದಲು ನೋಡಿರದ ಬಾಗಿಲಿಗೂ ಇದು ನಡೆಯುತ್ತದೆ. ಕೈ ಇರುವ ರೋಬೋಗೆ ಇದು ಬೇಕೇ ಬೇಕು. ಆದರೆ ನಮ್ಮ ಕಡೆಯ ಅಲ್‌ಡ್ರಾಪ್, ಟವರ್ ಬೋಲ್ಟ್ ಅನ್ನುವ ಎಳೆದು ಸರಿಸುವ ಚಿಲಕ, ಅಗುಳಿ, ಬೀಗದ ಕೊಂಡಿಗಳನ್ನು ಅದು ಕಲಿತಿದೆಯಾ ಅಂತ ವಿಚಾರಿಸಿ. ಕಂಪನಿಯವರು ತೋರಿಸುವ ವಿಡಿಯೋದಲ್ಲಿ ಇರುವುದು ಕೆಳಕ್ಕೆ ಒತ್ತುವ ಲಿವರ್ ಹಿಡಿಕೆ. ಅಲ್‌ಡ್ರಾಪ್ ಎಳೆದು ಬಾಗಿಲು ತೆಗೆಯುವ ಡೆಮೊ ನಾನು ಇನ್ನೂ ನೋಡಬೇಕಷ್ಟೆ.

ನಾಲ್ಕನೆಯದು, ಬಾಗಿಲೇ ತನ್ನ ಸ್ಥಿತಿ ಹೇಳುವುದು. ಕದಕ್ಕೊಂದು ಮ್ಯಾಗ್ನೆಟ್, ಚೌಕಟ್ಟಿಗೊಂದು ರೀಡ್ ಸ್ವಿಚ್, ಅಂದರೆ ಮ್ಯಾಗ್ನೆಟ್ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್. ಇಷ್ಟಿದ್ದರೆ ಮುಚ್ಚಿದೆಯೋ ಇಲ್ಲವೋ ಖಂಡಿತ ಗೊತ್ತಾಗುತ್ತದೆ. ಆದರೆ ಮುಚ್ಚಿಲ್ಲ ಅಂದರೆ ಪೂರ್ತಿ ತೆರೆದಿದೆ ಅಂತ ಅರ್ಥ ಅಲ್ಲ. ತೆರೆದ ಕಡೆಗೂ ಒಂದು ಸ್ವಿಚ್ ಬೇಕು.

ತೆಗೆಯುವುದು ಯಾರು

ನನಗೆ ಪರಿಚಯದ ಹೋಟೆಲ್ ಮಾಲೀಕರೊಬ್ಬರು, ಕಾರ್ಕಳದ ಕಡೆಯವರು, ಕೇಳಿದ್ದರು: "ಮಾರಾಯ್ರೇ, ಕೈ ಇರೋ ರೋಬೋನೇ ತಗೊಂಡ್ರೆ ಆಯ್ತಲ್ಲ? ಬಾಗಿಲಿಗೆಲ್ಲ ಯಾಕೆ ಖರ್ಚು?" ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಲಿವರ್ ಹಿಡಿಕೆ, ಮೇಲೆ ಕದವನ್ನು ತಾನೇ ಮುಚ್ಚುವ ಡೋರ್ ಕ್ಲೋಸರ್, ನಮ್ಮ ಕಡೆಗೆ ಎಳೆದು ತೆರೆಯುವ ಬಾಗಿಲು. ನರ್ಸಿಂಗ್ ಹೋಮುಗಳಲ್ಲಿ ಇದೇ ಇರುತ್ತದೆ. ರೋಬೋ ಏನೇನು ಮಾಡಬೇಕು ನೋಡಿ. ಹಿಡಿಕೆಯ ನೇರ ಎದುರು ನಿಲ್ಲಬಾರದು, ಕದ ಬಂದು ಬಡಿಯುತ್ತದೆ. ಬದಿಗೆ ನಿಲ್ಲಬೇಕು. ಹಿಡಿಕೆ ಹಿಡಿದು ಕೆಳಕ್ಕೆ ಒತ್ತಬೇಕು. ಬೀಗದ ನಾಲಿಗೆ ಬಿಟ್ಟುಕೊಂಡ ಮೇಲೆ ಒಂದಿಷ್ಟು ಎಳೆಯಬೇಕು. ಹಿಡಿಕೆ ನೇರ ಬರುವುದಿಲ್ಲ, ಬಿಜಾಗರಿಯಿಂದ ಸುಮಾರು 85 ಸೆಂಟಿಮೀಟರ್ ದೂರದಲ್ಲಿ ಕಮಾನಿನ ಹಾಗೆ ತಿರುಗುತ್ತದೆ. ರೋಬೋ ನೇರ ಎಳೆದರೆ ಹಿಡಿಕೆಯೋ ಕೈಯೋ ಮುರಿಯುತ್ತದೆ. ಅದಕ್ಕೇ ಕೈಯನ್ನು ಸಡಿಲ ಬಿಟ್ಟು, ಕದ ಹೋದ ಕಡೆ ಹೋಗಲು ಬಿಡಬೇಕು. ಅಷ್ಟರಲ್ಲಿ ಗಾಲಿ ಹಿಂದಕ್ಕೆ ಸರಿಯುತ್ತಿರಬೇಕು. ಆಮೇಲೆ ಬರುತ್ತದೆ ನಿಜವಾದ ಕಷ್ಟ. ದಾಟಬೇಕಾದರೆ ಹಿಡಿಕೆ ಬಿಟ್ಟು ಕದದ ಒಳಬದಿಗೆ ಕೈ ಹಾಕಬೇಕು. ಒಂದೇ ಕೈ ಇದ್ದರೆ ಬಿಟ್ಟ ಆ ಕ್ಷಣದಲ್ಲೇ ಕ್ಲೋಸರ್ ಕದವನ್ನು ವಾಪಸು ಎಳೆಯುತ್ತದೆ. ಬೇಗ ಮೈ ಅಡ್ಡ ಕೊಡಬೇಕು. ಕೊನೆಗೆ ಕದ ತಳ್ಳಿ ಹಿಡಿದುಕೊಂಡೇ ಮುಂದೆ ಹೋಗಿ, ಬಾಲಕ್ಕೆ ಬಡಿಯದ ಹಾಗೆ ಬಿಡಬೇಕು.

ಇದನ್ನು ಆರು ಹೆಜ್ಜೆ ಅನ್ನೋಣ. ಒಂದೊಂದು ಹೆಜ್ಜೆಯೂ ನೂರಕ್ಕೆ 97 ಸಲ ಸರಿಹೋದರೂ ಆರೂ ಸೇರಿ ಸರಿಹೋಗುವುದು ನೂರಕ್ಕೆ 83 ಸಲ. ಮಾತ್ರೆ ಒಯ್ಯುವ ಗಾಡಿ ಆರು ಸಲಕ್ಕೊಮ್ಮೆ ಬಾಗಿಲಲ್ಲಿ ಸಿಕ್ಕಿಕೊಂಡರೆ ಸಿಸ್ಟರು ಅದನ್ನು ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ.

ಇದು ಆಗದ ಕೆಲಸ ಅಂತ ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ವಿಲ್ಲೋ ಗ್ಯಾರೇಜ್ ಮಾಡಿದ ಪಿಆರ್2 ಅನ್ನುವ ಎರಡು ಕೈಯ ರೋಬೋ ತಾನೇ ಬಾಗಿಲು ತೆಗೆದು, ಗೋಡೆಯ ಪ್ಲಗ್ಗಿಗೆ ತನ್ನ ವೈರು ಸಿಕ್ಕಿಸಿ ಚಾರ್ಜ್ ಮಾಡಿಕೊಂಡದ್ದು 2009ರಲ್ಲೇ. ಅದರ ಬೆಲೆ 4 ಲಕ್ಷ ಡಾಲರ್ ಇತ್ತು. 2015ರಲ್ಲಿ ಅಮೆರಿಕದ ಪೊಮೋನಾದಲ್ಲಿ ನಡೆದ ಡಾರ್ಪಾ, ಅಂದರೆ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆಯ, ರೋಬೋ ಸ್ಪರ್ಧೆಯ ಫೈನಲ್‌ನಲ್ಲಿ ಬಾಗಿಲು ತೆಗೆದು ಒಳಗೆ ಹೋಗುವುದು ಒಂದು ಪರೀಕ್ಷೆಯಾಗಿತ್ತು. ಜಗತ್ತಿನ ಒಳ್ಳೊಳ್ಳೆ ತಂಡಗಳ ರೋಬೋಗಳಲ್ಲಿ ಕೆಲವು ಬಾಗಿಲ ಮುಂದೆಯೇ ಬಿದ್ದವು. 2018ರಲ್ಲಿ ಬಾಸ್ಟನ್ ಡೈನಾಮಿಕ್ಸ್‌ನ ನಾಲ್ಕು ಕಾಲಿನ ರೋಬೋ ಇನ್ನೊಂದು ರೋಬೋಗೆ ಬಾಗಿಲು ತೆಗೆದು ಹಿಡಿದ ವಿಡಿಯೋ ನೀವೂ ನೋಡಿರುತ್ತೀರಿ. 2021ರಿಂದ ಅವರ ಸ್ಪಾಟ್ ಅನ್ನುವ ನಾಲ್ಕು ಕಾಲಿನ ರೋಬೋ ಕೈ ಸಮೇತ ಮಾರಾಟಕ್ಕೆ ಸಿಗುತ್ತದೆ. ಜನ ಹೋಗಲಾಗದ ಜಾಗ, ಬದಲಾಯಿಸಲು ಬಿಡದ ಬಾಗಿಲು, ಒಂದೊಂದು ದಿನ ಒಂದೊಂದು ಕಟ್ಟಡ. ಇಂಥ ಕಡೆ ಕೈಗೆ ಬೆಲೆ ಇದೆ. ದಿನಾ ಅದೇ ಬಾಗಿಲು ದಾಟುವ ಗಾಡಿಗೆ ಇಲ್ಲ.

ಪುಣೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಮಳೆಗಾಲದಲ್ಲಿ ಮರದ ಕದ ಉಬ್ಬುತ್ತದೆ. ಮಾರ್ಚಿನಲ್ಲಿ ಹೂವಿನ ಹಾಗೆ ತೆರೆದ ಬಾಗಿಲಿಗೆ ಜುಲೈನಲ್ಲಿ ಭುಜ ಕೊಡಬೇಕಾಗುತ್ತದೆ. ಗೋವಾದಲ್ಲಿ ಹೋಮ್‌ಸ್ಟೇ ನಡೆಸುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕೈ ಇರುವ ರೋಬೋ ತಗೊಂಡರೂ ಬಡಗಿಯನ್ನು ಕರೆಸುವುದು ತಪ್ಪುವುದಿಲ್ಲ.

ಹಾಗಾದರೆ ಮೈಯಿಂದಲೇ ತಳ್ಳಿ ಹೋಗಬಹುದಾ? ತಳ್ಳುವ ಬಾಗಿಲಾದರೆ ಆಗುತ್ತದೆ. ಅಮೆರಿಕದ ನಿಯಮದಲ್ಲಿ ಒಳಬಾಗಿಲಿಗೆ ಬೇಕಾಗುವ ಬಲ 22 ನ್ಯೂಟನ್ ಮೀರಬಾರದು. ಅಂದರೆ ಎರಡು ಕಿಲೋ ಚಿಲ್ಲರೆ ತೂಕದಷ್ಟು ಒತ್ತಡ. ಆದರೆ ಅದು ಹಿಡಿಕೆಯ ಹತ್ತಿರ ತಳ್ಳಿದರೆ. ರೋಬೋ ಕದದ ನಡುವಿಗೆ ಒತ್ತಿದರೆ ಹೆಚ್ಚುಕಮ್ಮಿ ಎರಡರಷ್ಟು ಬಲ ಬೇಕು. ಒದ್ದೆ ನೆಲದಲ್ಲಿ ಗಾಲಿ ಜಾರುತ್ತದೆ. ಮತ್ತೆ ಬಂಪರ್ ಒತ್ತಿದ ಕೂಡಲೇ ನಿಲ್ಲಬೇಕು ಅನ್ನುವುದು ಇಂಥ ಗಾಡಿಗಳ ಸುರಕ್ಷತೆಯ ಮೂಲ ಪಾಠ. ಬಾಗಿಲಿಗಾಗಿ ಅದನ್ನು ಆಫ್ ಮಾಡುತ್ತೇವೆ ಅಂದವರಿಂದ ಸಾಮಾನು ಕೊಳ್ಳಬೇಡಿ. ಆಚೆ ಮಗು ನಿಂತಿರಬಹುದು. ಕಾರ್ಖಾನೆಯ ಪಿವಿಸಿ ಪಟ್ಟಿಯ ಪರದೆಗೂ ಇದೇ ಮಾತು. ಲೈಡಾರ್‌ಗೆ ಅದು ಎಷ್ಟೋ ಸಲ ಗೋಡೆಯಂತೆ ಕಾಣುತ್ತದೆ. ಆ ಜಾಗದಲ್ಲಿ ತಡೆ ಲೆಕ್ಕಿಸಬೇಡ ಅಂತ ಹೇಳಿಕೊಟ್ಟರೆ ಪರದೆಯ ಹಿಂದಿನ ಮನುಷ್ಯನನ್ನೂ ಲೆಕ್ಕಿಸುವುದಿಲ್ಲ. ನಡುವೆ ಗಾಡಿ ಹಿಡಿಸುವಷ್ಟು ಪಟ್ಟಿ ಕತ್ತರಿಸಿ ಮೇಲಕ್ಕೆ ಮಾಡಿದರೆ ಕಣ್ಣೂ ತೆರೆಯುತ್ತದೆ, ತಂಪೂ ಪೂರ್ತಿ ಹೋಗುವುದಿಲ್ಲ.

ಬಾಗಿಲಿಗೇ ಮೋಟರ್ ಹಾಕಿ ರೋಬೋ ಜೊತೆ ಮಾತಾಡಿಸುವುದು ನನ್ನ ಮೊದಲ ಆಯ್ಕೆ. ಆಸ್ಪತ್ರೆಗಳಲ್ಲಿ ಓಡುವ ಏಥಾನ್ ಕಂಪನಿಯ ಟಗ್, 2014ರಲ್ಲಿ ಕ್ಯುಪರ್ಟಿನೋದ ಅಲಾಫ್ಟ್ ಹೋಟೆಲಿಗೆ ಬಂದ ಸೇವಿಯೋಕ್‌ನ ರೋಬೋ, ಇವಕ್ಕೆ ಕೈ ಇರಲಿಲ್ಲ. ಬಾಗಿಲಿಗೋ ಲಿಫ್ಟಿಗೋ ವೈರ್‌ಲೆಸ್ ಸಂದೇಶ ಹೋಗುತ್ತದೆ, ಅದು ತೆರೆಯುತ್ತದೆ, ರೋಬೋ ದಾಟುತ್ತದೆ. ಈಗಾಗಲೇ ನಿಮ್ಮಲ್ಲಿ ಮ್ಯಾಗ್ನೆಟ್ ಲಾಕ್, ಪಕ್ಕದಲ್ಲಿ ಎಕ್ಸಿಟ್ ಬಟನ್ ಇದ್ದರೆ ಅರ್ಧ ಕೆಲಸ ಆದಂತೆ. ಆ ಬಟನ್ನಿನ ಎರಡು ವೈರಿಗೆ ಒಂದು ರಿಲೇ ಬೋರ್ಡ್, ಅಂದರೆ ಸಂದೇಶ ಬಂದಾಗ ತಾನೇ ಆಡುವ ಸ್ವಿಚ್, ಸೇರಿಸಿದರೆ ರೋಬೋ ಬಟನ್ ಒತ್ತಿದ ಹಾಗಾಯಿತು. ಆದರೆ ಲಾಕ್ ಬಿಟ್ಟರೂ ಕದ ತಾನೇ ತೆರೆಯುವುದಿಲ್ಲ. 12 ಮಿಲಿಮೀಟರ್ ಗಾಜಿನ ಕದ, ಮೂರಡಿಗೆ ಏಳಡಿ, 55 ಕಿಲೋ ಮೇಲೆ ತೂಗುತ್ತದೆ. ಅದನ್ನು ತಿರುಗಿಸುವ ಮೋಟರ್ ಬೇರೆ ಹಾಕಿಸಬೇಕು. ಜಾಗ ಇದ್ದರೆ ಜಾರುವ ಕದವೇ ಒಳ್ಳೆಯದು. ಕಮಾನಿಲ್ಲ, ಬಡಿಯುವುದಿಲ್ಲ, ಪೂರ್ತಿ ಅಗಲ ಸಿಗುತ್ತದೆ.

ಮಾತುಕತೆ ಎರಡೂ ಕಡೆಯಿಂದ ನಡೆಯಬೇಕು. ಸಿಂಗಾಪುರದ ಆಸ್ಪತ್ರೆಗಳಿಗಾಗಿ ಬೆಳೆದ ಓಪನ್ ಆರ್‌ಎಂಎಫ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಬಾಗಿಲಿಗೆ ಮುಖ್ಯವಾಗಿ ಮೂರು ಸ್ಥಿತಿ ಇದೆ: ಮುಚ್ಚಿದೆ, ಚಲಿಸುತ್ತಿದೆ, ತೆರೆದಿದೆ. ತೆರೆದಿದೆ ಅಂತ ಬಾಗಿಲು ಹೇಳಿದ ಮೇಲೆಯೇ ರೋಬೋ ಹೊರಡಬೇಕು. ಹತ್ತು ಸೆಕೆಂಡು ಕಾದು ಹೊರಡುತ್ತದೆ ಅನ್ನುವ ಅಗ್ಗದ ವ್ಯವಸ್ಥೆ ಬೇಡ. ವೈಫೈ ಸರಿಯಾಗಿ ಬಾಗಿಲ ಹತ್ತಿರವೇ ಸಿಗದೆ ಹೋಗುವುದುಂಟು. ಫೋನ್ ಹಿಡಿದು ಅಲ್ಲಿ ನಿಂತು ನೋಡಿ.

ಕರೆಂಟ್ ಹೋದರೆ? ಗುರುವಾರ ರಿಪೇರಿ ಅಂತ ಕರೆಂಟ್ ತೆಗೆಯುವುದು ಪುಣೆಯವರಿಗೆ ಹೊಸದಲ್ಲ. ಕರೆಂಟ್ ಹೋದಾಗ ಮ್ಯಾಗ್ನೆಟ್ ಬಿಟ್ಟುಕೊಳ್ಳಬೇಕು, ಕದ ಕೈಯಿಂದ ತೆರೆಯುವಂತಿರಬೇಕು. ಫೈರ್ ಅಲಾರ್ಮ್ ಹೊಡೆದಾಗಲೂ ಹಾಗೇ. ಇದನ್ನು ಬರೆಸಿಕೊಳ್ಳಿ.

ಅಗ್ಗದ ಆಯ್ಕೆ ಅಂದರೆ ಬಾಗಿಲು ತೆರೆದಿಡುವುದು. ಸಾದಾ ಬಾಗಿಲಾದರೆ ಗೋಡೆಗೊಂದು ಮ್ಯಾಗ್ನೆಟ್ ಸ್ಟಾಪರ್ ಸಾಕು. ಫೈರ್ ಡೋರ್ ಆದರೆ ಇಟ್ಟಿಗೆ ಅಡ್ಡ ಇಡಬೇಡಿ, ಕ್ಲೋಸರ್ ಬಿಚ್ಚಬೇಡಿ. ಹೊಗೆ ತಡೆಯಲು ಅದು ಮುಚ್ಚಿಕೊಳ್ಳಲೇಬೇಕು. ಅಲಾರ್ಮಿಗೆ ಜೋಡಿಸಿದ ವಿದ್ಯುತ್ ಹೋಲ್ಡರ್ ಸಿಗುತ್ತದೆ. ದಿನವಿಡೀ ಹಿಡಿದಿಡುತ್ತದೆ, ಅಲಾರ್ಮ್ ಆದರೆ ಬಿಡುತ್ತದೆ.

ಜನರನ್ನೇ ಕೇಳುವುದೂ ಒಂದು ದಾರಿ. ರೋಬೋ ನಿಂತು "ಬಾಗಿಲು ತೆಗೀರಿ" ಅಂತ ಮರಾಠಿಯಲ್ಲೋ ಕನ್ನಡದಲ್ಲೋ ಹೇಳುತ್ತದೆ. ದಿನಕ್ಕೆ ನಾಲ್ಕೈದು ಓಡಾಟ ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಆದರೆ ವಾರ್ಡ್ ಬಾಯ್ ಬಾಗಿಲು ಕಾಯುವವನಾಗುತ್ತಾನೆ. ಅವನ ಕೆಲಸ ಹಗುರ ಮಾಡಲು ತಂದ ಯಂತ್ರ ಅವನಿಗೇ ಹೊರೆ ಆಗಬಾರದು.

ದಾಟುವಾಗ

ತೆರೆದ ಬಾಗಿಲನ್ನೂ ರೋಬೋ ದಾಟದೆ ನಿಲ್ಲುವುದುಂಟು. ತಡೆಗಳ ಸುತ್ತ ಅದು ಒಂದಿಷ್ಟು ಜಾಗ ಬಿಟ್ಟುಕೊಂಡು ಓಡುತ್ತದೆ. ಹಾಲ್‌ನಲ್ಲಿ ಆ ಅಂತರ ಜಾಸ್ತಿ ಇದ್ದರೆ ಒಳ್ಳೆಯದೇ. ಬಾಗಿಲಲ್ಲಿ ಎರಡೂ ಚೌಕಟ್ಟಿನ ಅಂತರ ಸೇರಿ ದಾರಿಯೇ ಮುಚ್ಚಿಹೋಗುತ್ತದೆ. ಒಳ್ಳೆಯ ಎಂಜಿನಿಯರು ಬಾಗಿಲ ಈಚೆಗೊಂದು ಆಚೆಗೊಂದು ಬಿಂದು ಇಟ್ಟು, ನಡುವೆ ನೇರ ಗೆರೆ ಹಾಕಿ, ಅಷ್ಟು ಜಾಗಕ್ಕೆ ಅಂತರ ಕಡಿಮೆ ಮಾಡಿ, ವೇಗವನ್ನೂ ಇಳಿಸುತ್ತಾನೆ. ಕಾಯುವ ಜಾಗ ಕದ ತಿರುಗುವ ಕಮಾನಿನಿಂದ ಆಚೆ ಇರಬೇಕು. ಎರಡು ರೋಬೋ ಇದ್ದರೆ ಒಂದು ದಾಟುವ ತನಕ ಇನ್ನೊಂದಕ್ಕೆ ಬಾಗಿಲು ಸಿಗಬಾರದು. ಮನುಷ್ಯರು ಬಂದರೆ ರೋಬೋನೇ ಹಿಂದೆ ಸರಿಯಬೇಕು.

ನಿಮಗೆ ಯಾವುದು

ಹೋಟೆಲಿಗೆ ನನ್ನ ಸಲಹೆ, ಅಡುಗೆಮನೆಯ ಎರಡೂ ಕಡೆ ಆಡುವ ಬಾಗಿಲನ್ನು ರೋಬೋ ದಾಟದಿರಲಿ. ಬಿಸಿ ಸಾಂಬಾರು ಹಿಡಿದ ಹುಡುಗ ಆಚೆಯಿಂದ ಭುಜದಲ್ಲಿ ತಳ್ಳಿಕೊಂಡು ಬರುತ್ತಾನೆ. ಬಾಗಿಲ ಈಚೆಗೆ ಒಂದು ಕಟ್ಟೆ ಮಾಡಿ, ಅಲ್ಲಿಂದ ಮೇಜಿಗೆ ರೋಬೋ ಒಯ್ಯಲಿ. ಮಾರಾಯ್ರೇ ಅಂದ ಆ ಮಾಲೀಕರಿಗೂ ಇದನ್ನೇ ಹೇಳಿದೆ.

ನರ್ಸಿಂಗ್ ಹೋಮಿಗೆ ಎರಡು ಮುಖ್ಯ ಬಾಗಿಲಿಗೆ ಮೋಟರ್, ಉಳಿದವಕ್ಕೆ ಹೋಲ್ಡರ್. ಸ್ಟ್ರೆಚರಿಗೂ ಅದೇ ಬಾಗಿಲು ಅನುಕೂಲ. ಕಾರ್ಖಾನೆಯಲ್ಲಿ ರೋಲಿಂಗ್ ಶಟರ್ ಹಗಲು ಹೇಗೂ ಮೇಲಿರುತ್ತದೆ, ಪರದೆ ನೋಡಿಕೊಂಡರೆ ಆಯಿತು. ಪೇಠಗಳ, ಅಂದರೆ ಹಳೆ ಪುಣೆಯ ಕೇರಿಗಳ, ಕಟ್ಟಡದ ಕೊಲಾಪ್ಸಿಬಲ್ ಗೇಟಿನ ಲಿಫ್ಟ್ ಇದ್ದರೆ ಒಂದೇ ಅಂತಸ್ತಿಗೆ ಒಪ್ಪಿಕೊಳ್ಳಿ. ಅಂಥ ಗೇಟಿಗೆ ಸಂದೇಶ ಕಳಿಸಿ ತೆರೆಸಲು ಬರುವುದಿಲ್ಲ.

ಮುಂಗಡ ಕೊಡುವ ಮುಂಚೆ ಡೆಮೊ ನಿಮ್ಮ ಬಾಗಿಲಲ್ಲೇ ಆಗಲಿ, ಅವರ ಶೋರೂಮಿನಲ್ಲಿ ಅಲ್ಲ. ಕದವನ್ನು ಅರ್ಧಕ್ಕೆ ನಿಲ್ಲಿಸಿ ನೋಡಿ. ನೆಲ ಒರೆಸಿ ಒದ್ದೆ ಇರುವಾಗ ಓಡಿಸಿ. ಅದು ಹೊಸ್ತಿಲ ಮೇಲಿರುವಾಗ ಎದುರಿನಿಂದ ಒಬ್ಬರನ್ನು ನಡೆಸಿ. ದಾಟುತ್ತಿರುವಾಗಲೇ ವೈಫೈ ಆಫ್ ಮಾಡಿ, ಬಾಗಿಲು ಅದರ ಮೇಲೆ ಮುಚ್ಚಿಕೊಳ್ಳುತ್ತದೋ ಇಲ್ಲವೋ ನೋಡಿ. ಮುಚ್ಚಿಕೊಂಡರೆ ಅವತ್ತು ಚೆಕ್ ಬರೆಯಬೇಡಿ.